ಕಮಿಟ್‌ನಲ್ಲಿ ಜೊತೆಗಾರರ ಹೆಸರು ಏಕೆ ಬರಲಿಲ್ಲ?

ಪ್ರಶ್ನೆ (ಹೆಬ್ಬಾಳು, ಮೈಸೂರು): ಸಹೋದ್ಯೋಗಿ ಜೊತೆ ಕೂತು ಬರೆದ ಕೋಡು. ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್‌ನಲ್ಲಿ, ಜೊತೆಗಾರರ ಹೆಸರು ಹಾಕುವ 'ಗಿಟ್ ಮಾಬ್' ಟೂಲ್ ಬಳಸಿ ಕಮಿಟ್‌ಗೆ (ಅಂಥ ಒಂದು ದಾಖಲೆಗೆ) ಅವರ ಹೆಸರು ಸೇರಿಸಿದ್ದೆ. ಕೋಡು ಇಡುವ ತಾಣ ಗಿಟ್‌ಹಬ್‌ನಲ್ಲಿ ನೋಡಿದರೆ ನನ್ನೊಬ್ಬನ ಚಿತ್ರವೇ ಇದೆ. ಟೂಲ್ ಕೆಟ್ಟಿದೆಯಾ ಸರ್?

ಉತ್ತರ: ಕೆಟ್ಟಿಲ್ಲ. ಈ ಪ್ರಶ್ನೆ ಕಳಿಸುವವರೆಲ್ಲ ದಯವಿಟ್ಟು ಮೊದಲು ಕೊನೆಯ ಕಮಿಟ್ ತೋರಿಸುವ 'ಗಿಟ್ ಲಾಗ್ -1' ಓಡಿಸಿ, ಜೊತೆಗಾರರ ಹೆಸರಿನ 'ಕೋ-ಆಥರ್ಡ್-ಬೈ' ಸಾಲು ಇದೆಯೋ ಇಲ್ಲವೋ ಕಣ್ಣಾರೆ ನೋಡಿ. ಅರ್ಧ ಪ್ರಶ್ನೆ ಅಲ್ಲೇ ಮುಗಿಯುತ್ತದೆ.

ಸಾಲೇ ಇಲ್ಲವಾ? ಹಾಗಾದರೆ ನೀವು 'ಕಮಿಟ್ -ಎಮ್' ಹೊಡೆದಿರುತ್ತೀರಿ, ಅಂದರೆ ಮೆಸೇಜನ್ನು ಆಜ್ಞೆಯಲ್ಲೇ ಕೊಟ್ಟಿರುತ್ತೀರಿ. ಮಾಬ್ ಹೆಸರು ಬರೆದಿಡುವುದು ಕಮಿಟ್ ಟೆಂಪ್ಲೇಟಿನಲ್ಲಿ, ಅಂದರೆ ಮೆಸೇಜಿನ ಮಾದರಿ ಕಡತದಲ್ಲಿ. ಎಡಿಟರ್ ತೆರೆದರಷ್ಟೇ ಅದು ಮೆಸೇಜಿಗೆ ಇಳಿಯುತ್ತದೆ. -ಎಮ್ ಕೊಟ್ಟರೆ ಗಿಟ್ ಟೆಂಪ್ಲೇಟಿನ ಕಡೆ ತಿರುಗಿಯೂ ನೋಡುವುದಿಲ್ಲ. -ಎಮ್ ಬಿಡಿ, ಇಲ್ಲವೇ 'ಪ್ರಿಪೇರ್-ಕಮಿಟ್-ಎಂಎಸ್‌ಜಿ' ಹುಕ್‌ನಲ್ಲಿ (ಮೆಸೇಜ್ ಸಿದ್ಧವಾಗುವಾಗ ಗಿಟ್ ತಾನೇ ಓಡಿಸುವ ಸ್ಕ್ರಿಪ್ಟ್) ಹೆಸರಿನ ಸಾಲು ಕೊಡುವ 'ಗಿಟ್ ಮಾಬ್-ಪ್ರಿಂಟ್' ಕರೆಯಿರಿ. ಹುಕ್ಕಿಗೆ 'ಸಿಎಚ್‌ಮಾಡ್ +ಎಕ್ಸ್' (ಓಡುವ ಅನುಮತಿ) ಕೊಡದಿದ್ದರೆ ಗಿಟ್ ಅದನ್ನು ಓಡಿಸದೆ, ಒಂದು ಸೂಚನೆ ಕೊಟ್ಟು ಮುಂದೆ ಹೋಗುತ್ತದೆ. ಆ ಸೂಚನೆ ಯಾರೂ ಓದುವುದಿಲ್ಲ. ಹುಕ್ ಕ್ಲೋನ್ (ಕೋಡಿನ ಪೂರ್ತಿ ನಕಲು) ಜೊತೆ ಬರುವುದಿಲ್ಲ, ಪ್ರತಿ ಯಂತ್ರದಲ್ಲೂ ಬೇರೆಯಾಗಿ ಹಾಕಬೇಕು.

ಸಾಲಿದ್ದೂ ಚಿತ್ರ ಬರಲಿಲ್ಲವಾದರೆ ಇಮೇಲ್ ನೋಡಿ. ಕೋನ ಚಿಹ್ನೆಯೊಳಗಿನ ವಿಳಾಸ ಅವರ ಗಿಟ್‌ಹಬ್ ಖಾತೆಗೆ ಸೇರಿಸಿದ್ದೇ ಆಗಿರಬೇಕು. ಇಮೇಲ್ ಮುಚ್ಚಿಟ್ಟಿದ್ದರೆ ಅವರ ಸೆಟ್ಟಿಂಗ್ಸ್‌ನಲ್ಲಿ ಕಾಣುವ, ನಿಜ ಇಮೇಲ್ ಬದಲು ಗಿಟ್‌ಹಬ್ ಕೊಡುವ 'ನೋರಿಪ್ಲೈ' ವಿಳಾಸವನ್ನೇ ಕೇಳಿ ಪಡೆಯಿರಿ, ಊಹಿಸಬೇಡಿ.

ಅದೂ ಸರಿಯಿದ್ದರೆ ಖಾಲಿ ಸಾಲು ನೋಡಿ. ಹೆಸರಿನ ಸಾಲುಗಳ ಮೇಲೆ ಒಂದು ಖಾಲಿ ಸಾಲು ಇರಲೇಬೇಕು, ಅವುಗಳ ನಡುವೆ ಇರಕೂಡದು, ಕೆಳಗೆ ಏನೂ ಬರಕೂಡದು. ಹೆಸರು ಹಾಕಿ, ಒಂದು ಸಾಲು ಬಿಟ್ಟು, 'ಟಿಕೆಟ್ 42 ಮುಗಿಯಿತು' ಅಂತ ಬರೆದರೆ ಆ ಟಿಕೆಟ್ಟೇ ಕೊನೆಯ ಪ್ಯಾರಾ ಆಯಿತು. ಗಿಟ್ ಟ್ರೈಲರ್ (ಇಂಥ ಹೆಸರಿನ ಸಾಲು) ಹುಡುಕುವುದು ಕೊನೆಯ ಪ್ಯಾರಾದಲ್ಲಿ ಮಾತ್ರ. ಕೊನೆಯ ಕಮಿಟ್ ಆದರೆ 'ಕಮಿಟ್ --ಅಮೆಂಡ್' ಮಾಡಿ ತಿದ್ದಬಹುದು. ಆದರೆ ಹ್ಯಾಶ್, ಅಂದರೆ ಕಮಿಟ್‌ನ ಗುರುತಿನ ಸಂಖ್ಯೆ, ಬದಲಾಗುತ್ತದೆ. ನಾಲ್ಕು ಜನ ಎಳೆದುಕೊಂಡಿರುವ ಬ್ರಾಂಚಿಗೆ (ಕೋಡಿನ ಕವಲಿಗೆ) ಆಗಲೇ ಪುಶ್ ಆಗಿದ್ದರೆ, ಅಂದರೆ ಕಳಿಸಿಯಾಗಿದ್ದರೆ, ಕೈ ಹಾಕಬೇಡಿ.

ಇಬ್ಬರೇ ಕೆಲಸ ಮಾಡುವವರಿಗೆ ನನ್ನ ಪ್ರಕಾರ ಮಾಬೇ ಬೇಕಿಲ್ಲ. ಗಿಟ್ 2.32ರಿಂದ, ಅಂದರೆ 2021ರಿಂದ, ಕಮಿಟ್‌ಗೇ '--ಟ್ರೈಲರ್' ಆಯ್ಕೆ ಇದೆ. -ಎಮ್ ಜೊತೆಗೂ ನಡೆಯುತ್ತದೆ, ಖಾಲಿ ಸಾಲನ್ನೂ ತಾನೇ ಬಿಡುತ್ತದೆ. ಮಾಬ್ ಬಳಸುವವರು ಕೆಲಸ ಮುಗಿದ ಕೂಡಲೇ ಜೊತೆಗಾರರ ಹೆಸರು ತೆಗೆಯುವ 'ಗಿಟ್ ಸೋಲೋ' ಹೊಡೆಯಬೇಕು. ಮರೆತರೆ ಇವತ್ತು ನೀವೊಬ್ಬರೇ ಬರೆದದ್ದಕ್ಕೂ ನಿನ್ನೆ ಪಕ್ಕದಲ್ಲಿದ್ದವರ ಹೆಸರು ಅಂಟುತ್ತದೆ.

ಪ್ರಶ್ನೆ (ಮಂಡ್ಯ): ಕಮಿಟ್‌ನ ಆಥರ್ (ಬರೆದವರು) ಜಾಗದಲ್ಲೇ ಇಬ್ಬರ ಹೆಸರನ್ನೂ 'ಮತ್ತು' ಹಾಕಿ ಸೇರಿಸಿದರೆ?

ಉತ್ತರ: ಬೇಡ. ಒಂದು ಕಮಿಟ್‌ಗೆ ಒಬ್ಬರೇ ಆಥರ್, ಒಂದೇ ಇಮೇಲ್.

ಪ್ರಶ್ನೆ (ಕುವೆಂಪುನಗರ): ಗಿಟ್‌ಹಬ್ ಪ್ರೊಫೈಲಿನಲ್ಲಿ ದಿನದಿನದ ಕೆಲಸ ತೋರಿಸುವ ಹಸಿರು ಚೌಕ ತುಂಬಿಸುವ ಸ್ಕ್ರಿಪ್ಟ್ ಮಾರುತ್ತಿದ್ದಾರೆ, ಕೊಳ್ಳಲಾ?

ಉತ್ತರ: ಅದು ಖಾಲಿ ಕಮಿಟ್‌ಗಳಿಗೆ ಹಳೇ ತಾರೀಖು ಹಾಕುವ ಮೋಸ. ಕೊಳ್ಳಬೇಡಿ. ನಿಮ್ಮ ನಿಜವಾದ ಕಮಿಟ್ ಲೆಕ್ಕಕ್ಕೆ ಬಂದಿಲ್ಲವೆಂದರೆ ಅದಿನ್ನೂ ಮುಖ್ಯ ಬ್ರಾಂಚಿಗೆ ಸೇರಿಲ್ಲದಿರಬಹುದು, ಅದನ್ನು ನೋಡಿ.

ಪ್ರಶ್ನೆ (ಶ್ರೀರಂಗಪಟ್ಟಣ): ಪ್ರತಿ ಸಾಲು ಯಾರು ಬರೆದದ್ದೆಂದು ಹೇಳುವ 'ಗಿಟ್ ಬ್ಲೇಮ್' ಜೊತೆಗಾರರನ್ನೂ ತೋರಿಸುತ್ತದಾ?

ಉತ್ತರ: ಇಲ್ಲ, ಆಥರ್ ಮಾತ್ರ. ಯಾರು ಎಷ್ಟು ಕಮಿಟ್‌ಗೆ ಜೊತೆಗಾರರು ಎಂಬ ಎಣಿಕೆ ಬೇಕಿದ್ದರೆ 'ಗಿಟ್ ಶಾರ್ಟ್‌ಲಾಗ್ -ಎಸ್‌ಎನ್ --ಗ್ರೂಪ್=ಟ್ರೈಲರ್:ಕೋ-ಆಥರ್ಡ್-ಬೈ', ಗಿಟ್ 2.29ರಿಂದ ಇದೆ.