ಓದುಗರ ಪ್ರಶ್ನೆ: ನಮ್ಮಲ್ಲಿ ಬಿಟ್ರೆ ಇನ್ನೆಲ್ಲೂ ಇಲ್ಲದ ಹಕ್ಕಿಗಳು

ಕಳೆದ ಸಂಚಿಕೆಯಲ್ಲಿ "ಭಾರತ ಬಿಟ್ಟು ಬೇರೆ ಯಾವ ದೇಶದಲ್ಲೂ ಇಲ್ಲದ ಹಕ್ಕಿಗಳು ನಮ್ಮ ಮಲೆನಾಡಿನ ತೋಟದಲ್ಲೇ ಕೂಗ್ತಾ ಇವೆ" ಅಂತ ಒಂದು ಸಾಲು ಬರೆದಿದ್ದೆ ನೋಡಿ, ಅದಕ್ಕೇ ಈ ಸಲ ಪತ್ರ, ವಾಟ್ಸಾಪ್ ಎಲ್ಲದರಲ್ಲೂ ಹಕ್ಕಿ ಪ್ರಶ್ನೆಗಳೇ ಬಂದಿವೆ. ತುಂಬಾ ಖುಷಿ ಆಯ್ತು. ಹಾಗಾಗಿ ಅಡಿಕೆ ರೋಗದ ಪ್ರಶ್ನೆಗಳನ್ನ ಮುಂದಿನ ತಿಂಗಳಿಗೆ ಇಟ್ಕೊಂಡು ಈ ಸಲ ಪೂರ್ತಿ ಹಕ್ಕಿಗೇ ಬಿಟ್ಟಿದೀನಿ.

ಪ್ರಶ್ನೆ: ಸರ್, ನಮ್ಮನೆ ಹಿಂದಿನ ಹಳ್ಳದಲ್ಲಿ ಮಳೆ ಶುರುವಾದ್ರೆ ಸಾಕು, ಬೆಳಗಿನ ಜಾವ ಇನ್ನೂ ಕತ್ತಲೆ ಇರುವಾಗಲೇ ಯಾರೋ ಹುಡುಗ ಶಿಳ್ಳೆ ಹಾಕ್ಕೊಂಡು ಹೋದ ಹಾಗೆ ಕೇಳುತ್ತೆ. ಹಕ್ಕಿ ಅಂತ ಗೊತ್ತು, ಕಪ್ಪಗೆ ಇರುತ್ತೆ. ಇದು ನಮ್ಮ ದೇಶದ್ದು ಮಾತ್ರಾನಾ? (ಓದುಗರು, ತೀರ್ಥಹಳ್ಳಿ)

ಉತ್ತರ: ಹೌದು ಮಾರಾಯ್ರೆ, ಭಾರತದ್ದು ಮಾತ್ರ. ಮಲಬಾರ್ ವಿಸ್ಲಿಂಗ್ ಥ್ರಷ್ ಅಂತಾರೆ. ದೂರದಿಂದ ಕಪ್ಪು ಕಂಡ್ರೂ ಬಿಸಿಲು ಬಿದ್ದಾಗ ನೋಡಿ, ಹಣೆ ಮೇಲೆ, ಭುಜದ ಹತ್ರ ಹೊಳೆಯೋ ನೀಲಿ ಪಟ್ಟಿ ಕಾಣುತ್ತೆ. ಹಳ್ಳದ ಪಕ್ಕ ಬಂಡೆ ಸಂದಿಯಲ್ಲಿ, ಕೆಲವೊಮ್ಮೆ ಸೇತುವೆ ಕೆಳಗೂ ಗೂಡು ಮಾಡುತ್ತೆ, ಏಡಿ, ಬಸವನಹುಳು, ಎರೆಹುಳ, ಸಣ್ಣ ಕಪ್ಪೆ, ಕಾಡಹಣ್ಣು ಇದರ ಊಟ. ಪಶ್ಚಿಮ ಘಟ್ಟದ ಉದ್ದಕ್ಕೂ ಇದೆ, ಮಧ್ಯ ಭಾರತದ ಬೆಟ್ಟಗಳಲ್ಲೂ ಪೂರ್ವ ಘಟ್ಟದ ಕೆಲವು ಕಡೆನೂ ಇದೆ, ಆದ್ರೆ ದೇಶದ ಗಡಿ ದಾಟಿ ಎಲ್ಲೂ ಇಲ್ಲ. ಒಂದು ಮಾತು, ನಿಮ್ಮ ಹಳ್ಳ ಬೇಸಿಗೆಯಲ್ಲೂ ಒಂದಿಷ್ಟು ಒದ್ದೆ ಇರುತ್ತೆ, ದಡದಲ್ಲಿ ನೆರಳಿದೆ ಅಂತ ಆ ಹಕ್ಕಿ ಅಲ್ಲಿದೆ. ಹಳ್ಳಕ್ಕೆ ಜೆಸಿಬಿ ಬಿಟ್ಟು ಎರಡೂ ಕಡೆ ನೀಟಾಗಿ ಕಾಂಕ್ರೀಟ್ ಕಟ್ಟಿದ ಕಡೆ ಏಡಿನೂ ಇರಲ್ಲ, ಈ ಶಿಳ್ಳೆನೂ ಇರಲ್ಲ.

ಪ್ರಶ್ನೆ: ನವಿಲು ನಮ್ಮ ರಾಷ್ಟ್ರಪಕ್ಷಿ, ನೀಲಕಂಠ ನಮ್ಮ ರಾಜ್ಯಪಕ್ಷಿ. ಇವೆರಡೂ ನಮ್ಮಲ್ಲಿ ಮಾತ್ರ ಇರೋವು ತಾನೆ? (ವಿದ್ಯಾರ್ಥಿನಿ, ಶಿವಮೊಗ್ಗ)

ಉತ್ತರ: ಇಲ್ಲಮ್ಮ, ಎರಡೂ ಅಲ್ಲ. ನವಿಲನ್ನ 1963ರಲ್ಲಿ ರಾಷ್ಟ್ರಪಕ್ಷಿ ಅಂತ ಘೋಷಣೆ ಮಾಡಿದ್ರು, ಆದ್ರೆ ಅದು ಶ್ರೀಲಂಕಾ, ನೇಪಾಳ, ಪಾಕಿಸ್ತಾನದಲ್ಲೂ ಇದೆ. ನೀಲಕಂಠ ಇನ್ನೂ ದೂರ, ಪಶ್ಚಿಮ ಏಷ್ಯಾದ ಇರಾಕ್ ಕಡೆಯಿಂದ ನಮ್ಮವರೆಗೂ ಹರಡಿದೆ. ಮಂಡಗದ್ದೆಯಲ್ಲಿ, ಗುಡವಿಯಲ್ಲಿ ಮಳೆಗಾಲಕ್ಕೆ ಬಂದು ಗೂಡು ಕಟ್ಟೋ ಬೆಳ್ಳಕ್ಕಿ, ನೀರುಕಾಗೆ ಇವೂ ಬೇರೆ ಬೇರೆ ದೇಶಗಳಲ್ಲಿ ಇರೋವೇ. ಟೂರಿಸ್ಟ್ ಬೋರ್ಡ್ ಇರೋ ಜಾಗದಲ್ಲಿ ಕಾಣೋದಕ್ಕಿಂತ ಹೆಚ್ಚು "ನಮ್ಮದೇ" ಹಕ್ಕಿಗಳು ನಿಮ್ಮಜ್ಜಿ ಮನೆ ಹಿತ್ಲಲ್ಲಿ ಸಿಗ್ತವೆ.

ಪ್ರಶ್ನೆ: ಒಟ್ಟು ಎಷ್ಟು ಹಕ್ಕಿ ಹಾಗೆ ಭಾರತದಲ್ಲಿ ಮಾತ್ರ ಇರೋದು? ಒಂದು ಪುಸ್ತಕದಲ್ಲಿ ಒಂದು ಲೆಕ್ಕ, ಇನ್ನೊಂದರಲ್ಲಿ ಇನ್ನೊಂದು ಲೆಕ್ಕ ಇದೆ, ಯಾವುದನ್ನ ನಂಬೋದು? (ಶಿಕ್ಷಕರು, ಸಾಗರ)

ಉತ್ತರ: ಭಾರತೀಯ ಪ್ರಾಣಿ ಸರ್ವೇಕ್ಷಣಾಲಯ, ಅಂದ್ರೆ ಝಡ್‌ಎಸ್‌ಐ, 2023ರಲ್ಲಿ ಹೇಳಿದ ಲೆಕ್ಕ 78. ದೇಶದಲ್ಲಿ ಒಟ್ಟು 1,353 ಜಾತಿ ಹಕ್ಕಿ, ಅದರಲ್ಲಿ ಇವು 78. ಅದರೊಳಗೆ 28 ಪಶ್ಚಿಮ ಘಟ್ಟದವು, 25 ಅಂಡಮಾನ್ ನಿಕೋಬಾರ್ ದ್ವೀಪದವು. ದ್ವೀಪದಲ್ಲಿ ಬೇರೆ ಜಾತಿ ಹುಟ್ಟೋದು ಅರ್ಥ ಆಗುತ್ತೆ, ಸುತ್ತ ಸಮುದ್ರ. ನಾರ್ಕೊಂಡಮ್ ಅನ್ನೋ ಏಳು ಚದರ ಕಿಲೋಮೀಟರ್ ಆಸುಪಾಸಿನ ಪುಟ್ಟ ದ್ವೀಪದಲ್ಲಿ ಒಂದು ಮಂಗಟ್ಟೆ (ಹಾರ್ನ್‌ಬಿಲ್) ಜಾತಿ ಇದೆ, ಆ ದ್ವೀಪ ಬಿಟ್ರೆ ಪ್ರಪಂಚದಲ್ಲಿ ಎಲ್ಲೂ ಇಲ್ಲ. ಹಾಗಾದ್ರೆ ನೆಲದ ಮೇಲಿರೋ ಘಟ್ಟದಲ್ಲಿ ಅದಕ್ಕಿಂತ ಜಾಸ್ತಿ ಹೇಗೆ ಅಂದ್ರೆ, ಘಟ್ಟನೂ ಒಂಥರಾ ದ್ವೀಪವೇ. ಪಶ್ಚಿಮಕ್ಕೆ ಸಮುದ್ರ, ಪೂರ್ವಕ್ಕೆ ಒಣ ಬಯಲುಸೀಮೆ, ನೆಲದ ಮೇಲೇ ಹೋದ್ರೆ ಇದೇ ತರ ದಟ್ಟ ಮಳೆಕಾಡು ಮತ್ತೆ ಸಿಗೋದು ದೂರದ ಈಶಾನ್ಯ ಭಾರತದಲ್ಲಿ, ನಡುವೆ ಕಾಡಿನ ಹಕ್ಕಿ ದಾಟಕ್ಕಾಗದ ಅಗಲ. ಹಾಗೆ ಲಕ್ಷಾಂತರ ವರ್ಷ ಬೇರೆಯಾಗಿ ಉಳಿದು ಇವು ತಮ್ಮದೇ ಜಾತಿ ಆಗಿಬಿಟ್ವು.

ಲೆಕ್ಕ ಯಾಕೆ ಬದಲಾಗುತ್ತೆ ಅಂದ್ರೆ ಯಾವುದನ್ನ ಬೇರೆ ಜಾತಿ ಅನ್ನೋದು ಅನ್ನೋ ವಿಷಯದಲ್ಲಿ ವಿಜ್ಞಾನಿಗಳ ತಿಳುವಳಿಕೆ ಬೆಳೀತಾ ಇದೆ. ಮಲಬಾರ್ ಬಾರ್ಬೆಟ್ ಅಂತ ಕೆಂಪು ಕತ್ತಿನ ಪುಟ್ಟ ಕುಟ್ರು ಹಕ್ಕಿ ಇದೆಯಲ್ಲ, ಅದನ್ನ ಮೊದಲು ಶ್ರೀಲಂಕಾದ ಹಕ್ಕಿಯ ಉಪಜಾತಿ ಅಂತಿದ್ರು, ಆಮೇಲೆ ಬೇರೆ ಜಾತಿ ಅಂತ ಒಪ್ಪಿದ ಮೇಲೆ ಅದು ನಮ್ಮ ಪಟ್ಟಿಗೆ ಸೇರ್ತು. ಹಕ್ಕಿ ಎಲ್ಲೂ ಹೋಗಿಲ್ಲ, ಅದೇ ಮರದಲ್ಲೇ ಇದೆ. 2017ರಲ್ಲಂತೂ ಎತ್ತರದ ಬೆಟ್ಟದ ಕಣಿವೆಗಳಲ್ಲಿರೋ ಶೋಲಾ ಕಾಡಿನ ಹಕ್ಕಿಗಳ ಡಿಎನ್‌ಎ ನೋಡಿ ಶೋಲಿಕೋಲ, ಮಾಂಟೆಸಿಂಕ್ಲ ಅಂತ ಎರಡು ಹೊಸ ಕುಲಗಳನ್ನೇ (ಕುಲ ಅಂದ್ರೆ ಹತ್ತಿರದ ಜಾತಿಗಳ ಗುಂಪು) ಹೆಸರಿಸಿದ್ರು, ಎರಡೂ ಪಶ್ಚಿಮ ಘಟ್ಟದ ಹಕ್ಕಿಗಳಿಗೆ ಮಾತ್ರ. ಮಕ್ಕಳಿಗೆ ಹೇಳುವಾಗ ವರ್ಷನೂ ಸೇರಿಸಿ ಹೇಳಿ, "2023ರ ಪಟ್ಟಿ ಪ್ರಕಾರ 78" ಅಂತ.

ಪ್ರಶ್ನೆ: ನಮ್ಮ ತೋಟದ ಮೇಲಿನ ಸೊಪ್ಪಿನಬೆಟ್ಟದಲ್ಲಿ ಮಂಗಟ್ಟೆ ಹಕ್ಕಿ ಗುಂಪು ಬರುತ್ತೆ, ಯಾರೋ ಗಹಗಹಿಸಿ ನಕ್ಕ ಹಾಗೆ ಕೂಗ್ತವೆ. ಒಂದು ಹಳೇ ಮರ ಪೊಟರೆ ಬಿದ್ದು ಅರ್ಧ ಒಣಗಿದೆ, ಕಡಿಸೋಣ ಅಂತ ಮನೆಯಲ್ಲಿ ಮಾತು. ಮಗ ಬೇಡ ಅಂತಾನೆ. ನೀವೇನು ಹೇಳ್ತೀರಿ? (ಅಡಿಕೆ ಬೆಳೆಗಾರರು, ಹೊಸನಗರ)

ಉತ್ತರ: ದಯವಿಟ್ಟು ಕಡಿಸಬೇಡಿ, ಮಗ ಹೇಳಿದ್ದು ಸರಿ ಇದೆ.

ಸ್ವಲ್ಪ ವಿವರವಾಗಿ ಹೇಳ್ತೀನಿ, ಯಾಕಂದ್ರೆ ಈ ಪ್ರಶ್ನೆಯಲ್ಲೇ ಎಲ್ಲಾ ಇದೆ. ನಮ್ಮ ಜಿಲ್ಲೆ ಸುತ್ತಮುತ್ತ ಹೆಸರು ಕೇಳೋ ಮಂಗಟ್ಟೆ ನಾಲ್ಕು ಜಾತಿ. ದೊಡ್ಡ ಮಂಗಟ್ಟೆ, ರೆಕ್ಕೆ ಬಡಿದ್ರೆ ರೈಲು ಹೋದ ಹಾಗೆ ಸದ್ದು ಬರುತ್ತಲ್ಲ ಅದು, ಸುಮಾತ್ರಾವರೆಗೂ ಇದೆ. ಕಪ್ಪು ಬಿಳಿ ಬಣ್ಣದ ಮಲಬಾರ್ ಪೈಡ್ ಶ್ರೀಲಂಕಾದಲ್ಲೂ ಇದೆ. ಬಯಲು ಕಡೆಯ ಬೂದು ಮಂಗಟ್ಟೆ ನೇಪಾಳ, ಪಾಕಿಸ್ತಾನದಲ್ಲೂ ಇದೆ. ನಾಲ್ಕನೇದು ನಿಮ್ಮ ಬೆಟ್ಟಕ್ಕೆ ಬರೋ ಈ ನಗೋ ದನಿಯ ಮಲಬಾರ್ ಬೂದು ಮಂಗಟ್ಟೆ, ಏಷ್ಯಾದ ಮಂಗಟ್ಟೆಗಳಲ್ಲೇ ತೀರಾ ಚಿಕ್ಕವುಗಳಲ್ಲಿ ಒಂದು, ಕೊಕ್ಕಿನ ಮೇಲೆ ಆ ಕೊಂಬಿನಂಥ ಉಬ್ಬು ಇರಲ್ಲ. ಇದೊಂದೇ ಪಶ್ಚಿಮ ಘಟ್ಟ ಬಿಟ್ಟು ಬೇರೆಲ್ಲೂ ಇಲ್ಲದ್ದು. 2020ರಲ್ಲಿ ಐಯುಸಿಎನ್, ಅಂದ್ರೆ ಯಾವ ಜೀವಿಗೆ ಎಷ್ಟು ಅಪಾಯ ಅಂತ ಪಟ್ಟಿ ಮಾಡೋ ಅಂತಾರಾಷ್ಟ್ರೀಯ ಸಂಸ್ಥೆ, ಇದನ್ನ ಅಪಾಯಕ್ಕೆ ಸಿಕ್ಕಬಹುದಾದ ಜಾತಿಗಳ ಪಟ್ಟಿಗೆ ಏರಿಸಿದೆ. ನಮಗೆ ದಿನಾ ಕೇಳಿಸುತ್ತೆ ಅಂತ ಬೇಕಾದಷ್ಟಿದೆ ಅಂದ್ಕೊಂಡಿರ್ತೀವಿ, ಆದ್ರೆ ನಮಗೆ ಕೇಳೋದೇ ಇಡೀ ಪ್ರಪಂಚಕ್ಕೆ ಉಳಿದಿರೋದು.

ಈ ಹಕ್ಕಿ ಮರಕುಟಿಗದ ಹಾಗೆ ತಾನೇ ತೂತು ಕೊರೆಯಲ್ಲ. ತಾನಾಗೇ ಪೊಟರೆ ಬಿದ್ದ ದೊಡ್ಡ ಮರವೇ ಬೇಕು. ಬೇಸಿಗೆ ಶುರುವಾಗೋ ಹೊತ್ತಿಗೆ ಹೆಣ್ಣು ಒಳಗೆ ಹೋಗಿ ಕೂತು ಪೊಟರೆ ಬಾಯಿಗೆ ತನ್ನ ಹಿಕ್ಕೆಯಿಂದಲೇ ಮೆತ್ತಿ ಮುಚ್ಚಿಬಿಡುತ್ತೆ, ಕೊಕ್ಕು ತೂರೋ ಅಷ್ಟು ಸೀಳು ಮಾತ್ರ ಬಿಟ್ಕೊಳ್ಳುತ್ತೆ. ಒಳಗೇ ಅದರ ರೆಕ್ಕೆ ಗರಿ ಉದುರಿ ಹೊಸದು ಬರುತ್ತೆ, ಅಂದ್ರೆ ಆಗ ಅದಕ್ಕೆ ಹಾರಕ್ಕೂ ಆಗಲ್ಲ. ಮೊಟ್ಟೆ ಒಡೆದು ಮರಿ ದೊಡ್ಡದಾಗೋ ತನಕ, ಎರಡೂವರೆ ಮೂರು ತಿಂಗಳು ಹತ್ರ ಹತ್ರ, ಗಂಡೊಂದೇ ಹಣ್ಣು, ಹುಳ, ಓತಿಕ್ಯಾತ ತಂದು ಆ ಸೀಳಿಂದ ಕೊಡ್ಬೇಕು. ಆ ಹೊತ್ತಲ್ಲಿ ಗಂಡಿಗೆ ಯಾರೋ ಕಲ್ಲು ಹೊಡೆದ್ರು ಅಂದ್ರೆ ಒಳಗಿರೋ ಅಷ್ಟೂ ಜೀವಕ್ಕೆ ಕುತ್ತು.

ಮತ್ತೆ ಪೊಟರೆ ಒಂದಿದ್ರೆ ಸಾಲದು, ಹಣ್ಣೂ ಬೇಕು. ಗೋಳಿ, ಬಸರಿ, ಅತ್ತಿ ಇಂಥ ಮರಗಳು ವರ್ಷದ ಬೇರೆ ಬೇರೆ ತಿಂಗಳಲ್ಲಿ ಹಣ್ಣು ಬಿಡ್ತವೆ, ಹಾಗಾಗಿ ಇಂಥ ನಾಲ್ಕಾರು ಮರ ಬೆಟ್ಟದಲ್ಲಿದ್ರೆ ಮಂಗಟ್ಟೆಗೆ ವರ್ಷಪೂರ್ತಿ ಊಟ. ರಾಮಪತ್ರೆಯ ಬೀಜ ಹರಡೋದ್ರಲ್ಲೂ ಮಂಗಟ್ಟೆಗಳ ಪಾಲು ದೊಡ್ಡದು, ಆದ್ರೆ ರಾಮಪತ್ರೆಗೆ ರೇಟ್ ಇದೆ ಅಂತ ಕಾಯಿ ಬಲಿಯೋ ಮೊದಲೇ ಕೊಂಬೆ ಸಮೇತ ಕಡಿಯೋರಿದಾರೆ, ಅದು ಮರಕ್ಕೂ ನಷ್ಟ, ಹಕ್ಕಿಗೂ ನಷ್ಟ, ಮುಂದಿನ ವರ್ಷ ಕೊಯ್ಯೋರಿಗೂ ನಷ್ಟ. ಸೊಪ್ಪಿನಬೆಟ್ಟ ನಮ್ಮ ಹಿರಿಯರು ತೋಟದ ಗೊಬ್ಬರಕ್ಕೆ ಅಂತ ಇಟ್ಕೊಂಡಿದ್ದು. ಸೊಪ್ಪು ಸವರಿ, ದರಕು ಗುಡಿಸಿ, ಮರ ಉಳಿಸ್ಕೊಂಡು ಬಂದ್ರು. ಅದನ್ನ ಬೋಳು ಮಾಡಿ ಅಕೇಶಿಯಾ ಹಾಕಿದ್ರೆ ಹಸಿರಾಗೇನೋ ಕಾಣುತ್ತೆ, ಆದ್ರೆ ಅಲ್ಲಿ ಮಂಗಟ್ಟೆಗೆ ಹಣ್ಣೂ ಇಲ್ಲ, ಪೊಟರೆನೂ ಇಲ್ಲ. ಆ ಅರ್ಧ ಒಣಗಿದ ಮರ ಮನೆ ಮೇಲೋ ಕರೆಂಟ್ ಲೈನ್ ಮೇಲೋ ಬೀಳೋ ಹಾಗಿದ್ರೆ ಆ ಕಡೆ ಕೊಂಬೆ ಮಾತ್ರ ತೆಗೆಸಿ, ಅದೂ ಗೂಡಿನ ಕಾಲ ಮುಗಿದ ಮೇಲೆ.

ಪ್ರಶ್ನೆ: ಕಾಕರಣೆ ಹಕ್ಕಿನೂ ಕಪ್ಪೆಬಾಯಿ ಹಕ್ಕಿನೂ ಪಟ್ಟಿಯಲ್ಲಿ ಇಲ್ವಾ? ಆಗುಂಬೆಗೆ ಕ್ಯಾಮೆರಾದವರು ಅವಕ್ಕೇ ಬರ್ತಾರಲ್ಲ. (ಓದುಗರು, ಶೃಂಗೇರಿ)

ಉತ್ತರ: ಇಲ್ಲ, ಕಾಕರಣೆ (ಮಲಬಾರ್ ಟ್ರೋಗನ್), ಕಪ್ಪೆಬಾಯಿ (ಫ್ರಾಗ್‌ಮೌತ್) ಎರಡೂ ಶ್ರೀಲಂಕಾದಲ್ಲೂ ಇವೆ. ಹಿಮಯುಗದಲ್ಲಿ ಸಮುದ್ರ 100 ಮೀಟರ್‌ಗಿಂತ ಕೆಳಗೆ ಹೋಗಿದ್ದಾಗ ನಮಗೂ ಲಂಕೆಗೂ ನಡುವೆ ಒಣ ನೆಲವೇ ಇತ್ತು. ವಿಜ್ಞಾನಿಗಳು ಪಶ್ಚಿಮ ಘಟ್ಟ ಮತ್ತು ಶ್ರೀಲಂಕಾ ಎರಡನ್ನೂ ಸೇರಿಸಿ ಒಂದೇ ಜೀವವೈವಿಧ್ಯದ ತಾಣ ಅಂತ ಎಣಿಸ್ತಾರೆ. ದೇಶದ ಗಡಿ ಮೇಲೆ ಪಟ್ಟಿ ಮಾಡಿದ್ರೆ ಇಂಥವು ಹೊರಗೆ ಉಳೀತವೆ, ಹಾಗಂತ ಅವಕ್ಕೆ ಕಾಳಜಿ ಕಮ್ಮಿ ಸಾಕು ಅಂತಲ್ಲ.

ಪ್ರಶ್ನೆ: ಕಾಡುಕೋಳಿ ಎಲ್ಲಾ ಕಡೆ ಇದೆ, ಉರುಳು ಹಾಕಿ ಒಂದೆರಡು ಹಿಡಿದ್ರೆ ಏನಾಗುತ್ತೆ ಅಂತ ನಮ್ಮೂರಲ್ಲಿ ಕೆಲವರ ವಾದ. (ಹೆಸರು ಬೇಡ, ಸೊರಬ)

ಉತ್ತರ: ಮೊದಲು ಕಾನೂನು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅದು ಅಪರಾಧ, ಕೇಸ್ ಆಗುತ್ತೆ. ಈಗ ಹಕ್ಕಿ ವಿಷಯ. ನಮ್ಮ ಬೂದು ಕಾಡುಕೋಳಿ ಭಾರತದಲ್ಲಿ ಮಾತ್ರ ಇರೋದು, ಅದೂ ದಕ್ಷಿಣ, ಪಶ್ಚಿಮ, ಮಧ್ಯ ಭಾಗದಲ್ಲಿ. ಉತ್ತರದ ಕಡೆ ಇರೋದು ಕೆಂಪು ಕಾಡುಕೋಳಿ, ಮನೆಕೋಳಿಯ ಮೂಲ ಅದೇ. ಆದ್ರೆ 2008ರಲ್ಲಿ ಒಂದು ವಂಶವಾಹಿ ಅಧ್ಯಯನದಲ್ಲಿ ಗೊತ್ತಾಗಿದ್ದೇನಂದ್ರೆ, ಮನೆಕೋಳಿ ಕಾಲು ಮತ್ತು ಚರ್ಮಕ್ಕೆ ಹಳದಿ ಬಣ್ಣ ಕೊಡೋ ಜೀನ್ ಬಂದಿರೋದು ನಮ್ಮ ಬೂದು ಕಾಡುಕೋಳಿಯಿಂದ. ಪ್ರಪಂಚದ ಯಾವ ಮೂಲೆಯ ಹಳದಿ ಕಾಲಿನ ಕೋಳಿ ನೋಡಿದ್ರೂ ಅದರಲ್ಲಿ ಈ ಹಕ್ಕಿಯ ಪಾಲಿದೆ, ಇದನ್ನ ಊರಲ್ಲಿ ಹೇಳಿ. ಇದರ ಕತ್ತಿನ ಗರಿಗೆ ಹೊರದೇಶದ ಮೀನು ಹಿಡಿಯೋರಲ್ಲಿ ಬೇಡಿಕೆ ಇದ್ದು ಒಂದು ಕಾಲದಲ್ಲಿ ತುಂಬಾ ಕೊಂದಿದ್ದಾರೆ. ನಿಮ್ಮ ಕಡೆ ಕಾನುಗಳು ಇನ್ನೂ ಇವೆ, ಕೋಳಿ ಕೂಗು ಇದೆ. ಉರುಳಿಗೆ ಇದೇ ಕೋಳಿ ಬೀಳಲಿ ಅಂತ ಹೇಳಕ್ಕಾಗಲ್ಲ, ಬರ್ಕ, ಮೊಲ, ಏನು ಬಂದ್ರೂ ಬೀಳುತ್ತೆ.

ಪ್ರಶ್ನೆ: ಬಾಬಾಬುಡನ್‌ಗಿರಿ ಕಡೆ ಬೋಳು ಗುಡ್ಡಗಳಿಗೆ ಗಿಡ ನೆಡೋ ಕಾರ್ಯಕ್ರಮ ಮಾಡ್ಬೇಕು ಅಂತಿದೀವಿ, ಹಕ್ಕಿಗಳಿಗೆ ಒಳ್ಳೇದಲ್ವಾ? (ಯುವಕ ಸಂಘದವರು, ಚಿಕ್ಕಮಗಳೂರು)

ಉತ್ತರ: ನಿಮ್ಮ ಮನಸ್ಸು ಒಳ್ಳೇದು, ಜಾಗ ಬದಲಾಯಿಸಿ. ಆ ಗುಡ್ಡ ಬೋಳಲ್ಲ, ಅದು ಹುಲ್ಲುಗಾವಲು, ಕಣಿವೆಯಲ್ಲಿ ಶೋಲಾ ಕಾಡು ಮೇಲೆ ಹುಲ್ಲು, ಹಾಗೇ ಇರ್ಬೇಕಾದ್ದು. ಬ್ರಾಡ್-ಟೇಲ್ಡ್ ಗ್ರಾಸ್‌ಬರ್ಡ್ ಅಂತ ಅಗಲ ಬಾಲದ ಸಣ್ಣ ಕಂದು ಹಕ್ಕಿ ಇದೆ, ಪಶ್ಚಿಮ ಘಟ್ಟದ್ದು ಮಾತ್ರ, ಎತ್ತರದ ಹುಲ್ಲಲ್ಲೇ ಬದುಕಿ ಹುಲ್ಲಲ್ಲೇ ಗೂಡು ಮಾಡುತ್ತೆ. ಅಲ್ಲಿ ಮರ ನೆಟ್ರೆ ಅದರ ಮನೆ ಹೋಯ್ತು. ನೆಡೋದಾದ್ರೆ ಕಡಿದು ಹಾಳಾದ ಕಾಡಿನ ಅಂಚಲ್ಲಿ, ರಸ್ತೆ ಬದಿಯಲ್ಲಿ, ಶಾಲೆ ಆವರಣದಲ್ಲಿ ಬಸರಿ, ಅತ್ತಿ, ನೇರಳೆ ನೆಡಿ.

ಪ್ರಶ್ನೆ: ಹೀಗೆ ಒಂದೇ ದೇಶದಲ್ಲಿರೋ ಹಕ್ಕಿ ಪೂರ್ತಿ ಹೋಗಿಬಿಟ್ಟಿದ್ದು ಇದೆಯಾ, ತಿರುಗಿ ಸಿಕ್ಕಿದ್ದು ಇದೆಯಾ? (ಓದುಗರು, ಭದ್ರಾವತಿ)

ಉತ್ತರ: ಹೋಗಿಬಿಟ್ಟಿದೆ ಅಂತ ಅನುಮಾನ ಇರೋದೂ ಇದೆ, ತಿರುಗಿ ಸಿಕ್ಕಿದ್ದೂ ಇದೆ. ಹಿಮಾಲಯನ್ ಕ್ವೇಲ್ ಅನ್ನೋ ಗೌಜಲು ಜಾತಿಯ ಹಕ್ಕಿಯನ್ನ 1876ರ ನಂತರ ಖಾತ್ರಿಯಾಗಿ ಯಾರೂ ನೋಡಿಲ್ಲ. ಮಧ್ಯ ಭಾರತದ ಕಾಡುಗೂಬೆ, ಫಾರೆಸ್ಟ್ ಔಲೆಟ್, ಅದರ ಕತೆ ಬೇರೆ. 1884ರ ನಂತರ ಕಾಣ್ಲೇ ಇಲ್ಲ. ಮೈನರ್ಟ್ಸ್‌ಹಾಗನ್ ಅನ್ನೋ ಬ್ರಿಟಿಷ್ ಅಧಿಕಾರಿ ಮ್ಯೂಸಿಯಂನಿಂದ ಹಳೇ ನಮೂನೆ ಕದ್ದು, 1914ರಲ್ಲಿ ಗುಜರಾತಲ್ಲಿ ತಾನೇ ಹಿಡಿದಿದ್ದು ಅಂತ ಸುಳ್ಳು ಚೀಟಿ ಅಂಟಿಸಿದ್ದ, ಜನ ಅದನ್ನ ನಂಬಿ ತಪ್ಪು ಜಾಗದಲ್ಲಿ ಹುಡುಕಿದ್ರು. ಪಕ್ಷಿ ವಿಜ್ಞಾನಿ ಪಮೇಲಾ ರಾಸ್ಮುಸೆನ್ ಆ ಮೋಸ ಪತ್ತೆ ಮಾಡಿ, ನಿಜವಾದ ಹಳೇ ದಾಖಲೆ ಹಿಡಿದು ಜೊತೆಗಾರರ ಜೊತೆ ಹುಡುಕಿ 1997ರಲ್ಲಿ ಮಹಾರಾಷ್ಟ್ರದ ಶಹಾದಾ ಹತ್ರ ಗೂಬೆಯನ್ನ ಕಂಡ್ರು, 113 ವರ್ಷದ ಮೇಲೆ. ಅದಕ್ಕೇ ದಾಖಲೆ ಸತ್ಯವಾಗಿರೋದು ಅಷ್ಟು ಮುಖ್ಯ. ನೋಡಿದ ಹಕ್ಕಿ ದಾಖಲಿಸೋ ಇ-ಬರ್ಡ್ ವೆಬ್‌ಸೈಟ್‌ನಲ್ಲಿ ನೀವು ಹಾಕೋ ಪಟ್ಟಿಗೂ ಇದೇ ಮಾತು, ನೋಡಿದ್ದು ಕೇಳಿದ್ದು ಮಾತ್ರ ಬರೀರಿ.

ಪ್ರಶ್ನೆ: ಶುರು ಮಾಡೋದು ಹೇಗೆ? ದುರ್ಬೀನು ಇಲ್ಲ. (ಬಿ.ಎಡ್. ವಿದ್ಯಾರ್ಥಿ, ಕೊಪ್ಪ)

ಉತ್ತರ: ಕಿವಿಯಿಂದ ಶುರು ಮಾಡಿ. ಕುಟ್ರೂ ಕುಟ್ರೂ ಅಂತ ಇಡೀ ದಿನ ಕೂಗೋ ಬಿಳಿ ಕೆನ್ನೆಯ ಕುಟ್ರು ಹಕ್ಕಿ ದಕ್ಷಿಣ ಭಾರತದ್ದು ಮಾತ್ರ, ಕೊಪ್ಪದ ಕಾಫಿ ತೋಟದಲ್ಲಿ ಅದು ಇಲ್ಲದ ದಿನ ಇಲ್ಲ. ಆಮೇಲೆ ನೀಲಿ ರೆಕ್ಕೆಯ ಗಿಳಿ, ದಾಸವಾಳಕ್ಕೆ ಬರೋ ಕೆಂಪು ಬೆನ್ನಿನ ಪುಟ್ಟ ಸೂರಕ್ಕಿ, ಬಿಳಿ ಹೊಟ್ಟೆಯ ಮಟಪಕ್ಷಿ, ಇವೆಲ್ಲ ಘಟ್ಟದವೇ. ಮರ್ಲಿನ್ ಆ್ಯಪ್ ಫ್ರೀ ಇದೆ, ಕೂಗು ಕೇಳಿಸಿದ್ರೆ ಹೆಸರು ಸೂಚಿಸುತ್ತೆ, ಆದ್ರೆ ಅದು ಹೇಳಿದ್ದನ್ನ ಕಣ್ಣಾರೆ ನೋಡಿ ಖಾತ್ರಿ ಮಾಡ್ಕೊಳ್ಳಿ. ಮೇ ತಿಂಗಳಲ್ಲಿ ಬರ್ಡ್ ಕೌಂಟ್ ಇಂಡಿಯಾದವರು ಎಂಡೆಮಿಕ್ ಬರ್ಡ್ ಡೇ ಅಂತ ಮಾಡ್ತಾರೆ, ಇಂಥ ಹಕ್ಕಿಗಳಿಗೇ ಮೀಸಲಾದ ದಿನ, ಯಾರು ಬೇಕಾದ್ರೂ ಸೇರಬಹುದು. ಹಕ್ಕಿ ಹತ್ರ ಬರ್ಲಿ ಅಂತ ಮೊಬೈಲಲ್ಲಿ ಅದರ ಕೂಗು ಹಾಕಬೇಡಿ, ಗೂಡಿನ ಕಾಲದಲ್ಲಂತೂ ಬೇಡವೇ ಬೇಡ, ಗೂಡು ಬಿಟ್ಟು ಜಗಳಕ್ಕೆ ಬಂದು ಸುಸ್ತಾಗುತ್ತೆ.

ಹಕ್ಕಿ ಗುರುತಿಸಿಕೊಡಿ ಅಂತ ಬರೆಯೋರು ಜಾಗ, ತಿಂಗಳು, ಹೊತ್ತು, ಯಾವ ಮರ ಅಥವಾ ಹಳ್ಳದ ಹತ್ರ ಅನ್ನೋದನ್ನ ತಪ್ಪದೇ ಬರೀರಿ. ಗೂಡಿನ ಫೋಟೋ ಮಾತ್ರ ಕಳಿಸ್ಬೇಡಿ, ನಾವು ಅಚ್ಚು ಹಾಕಲ್ಲ.