ಕೈಗೆ ಎಟುಕದ ರೋಡ್ ಬೈಕ್: ಸೀಟ್ ಮುಂದೆ ತಳ್ಳಬೇಡಿ

ನಿಮ್ಮ ಎತ್ತರ 152 ಸೆಂ.ಮೀ., ರೋಡ್ ಬೈಕಿನಲ್ಲಿ (ಬಾಗಿದ ಹ್ಯಾಂಡಲ್‌ನ, ಜೋರಾಗಿ ಓಡಿಸುವ ಸೈಕಲ್) ಬ್ರೇಕಿಗೆ ಬೆರಳು ಸರಿಯಾಗಿ ಎಟುಕುವುದಿಲ್ಲ, ಒಂದು ಗಂಟೆ ಓಡಿಸಿದರೆ ಅಂಗೈ ಜೋಮು ಹಿಡಿದು ಕತ್ತು ನೋಯುತ್ತದೆ ಅಂದಿದ್ದೀರಿ. ಸೀಟನ್ನು ಮುಂದೆ ತಳ್ಳಿದರೆ ಸರಿಹೋಗುತ್ತದಾ ಅಂತ ಕೇಳಿದ್ದೀರಿ. ದಯವಿಟ್ಟು ಹಾಗೆ ಮಾಡಬೇಡಿ. ಸೀಟಿನ ಜಾಗ ಕಾಲಿನ ಲೆಕ್ಕದಲ್ಲಿ ಗೊತ್ತಾಗಬೇಕು, ಕೈಯ ಲೆಕ್ಕದಲ್ಲಲ್ಲ. ಮುಂದೆ ಸರಿಸಿದಷ್ಟೂ ಮೈಭಾರ ಅಂಗೈ ಮೇಲೆ ಜಾಸ್ತಿ ಬೀಳುತ್ತದೆ.

ಮೊದಲು ಬ್ರೇಕ್ ಲಿವರ್ ನೋಡಿ. ಈಗಿನ ಹೆಚ್ಚಿನ ಲಿವರ್‌ಗಳಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ, ಅದನ್ನು ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತದೆ, ಖರ್ಚೇ ಇಲ್ಲ. ಆದರೆ ಆಮೇಲೆ ಜೋರಾಗಿ ಅದುಮಿ ನೋಡಿ: ಲಿವರ್ ಹ್ಯಾಂಡಲ್‌ಗೆ ತಾಗುವ ಮೊದಲೇ ಬ್ರೇಕ್ ಪೂರ್ತಿ ಹಿಡಿಯಬೇಕು. ಇದನ್ನು ನೋಡದೆ ರಸ್ತೆಗೆ ಇಳಿಯಲೇಬೇಡಿ.

ಆಮೇಲೆ ಸ್ಟೆಮ್, ಅಂದರೆ ಹ್ಯಾಂಡಲನ್ನು ಸೈಕಲ್ಲಿಗೆ ಜೋಡಿಸುವ ತುಂಡು. ಈಗ 100 ಮಿ.ಮೀ. ಇದ್ದರೆ 80 ಹಾಕಿಸಿ, ಸ್ಟೆಮ್ ಮೇಲೆ ಸ್ಪೇಸರ್ (ಎತ್ತರ ಹೊಂದಿಸುವ ಬಳೆ) ಉಳಿದಿದ್ದರೆ ಅದನ್ನು ಕೆಳಗೆ ಹಾಕಿ ಹ್ಯಾಂಡಲ್ ಸ್ವಲ್ಪ ಮೇಲಕ್ಕೆ ತನ್ನಿ. ಕತ್ತಿಗೆ ಅಲ್ಲೇ ಎಷ್ಟೋ ಆರಾಮ ಸಿಗುತ್ತದೆ. ಹ್ಯಾಂಡಲ್ ಅಗಲ ನಿಮ್ಮ ಭುಜದಷ್ಟಿದ್ದರೆ ಸಾಕು, 42 ಸೆಂ.ಮೀ. ನಿಮಗೆ ಖಂಡಿತ ಜಾಸ್ತಿ, 36 ಅಥವಾ 38 ನೋಡಿ. ಮೊಣಕಾಲು ಎದೆಗೆ ಬಡಿದ ಹಾಗಾಗುತ್ತಿದ್ದರೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಉದ್ದವನ್ನು 165 ಅಥವಾ 160 ಮಿ.ಮೀ.ಗೆ ಇಳಿಸಬಹುದು, ಕಡಿಮೆ ಮಾಡಿದಷ್ಟೇ ಸೀಟನ್ನು ಏರಿಸಿ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಇಲ್ಲದಿದ್ದರೆ ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ.

70ರ ಸ್ಟೆಮ್ ಹಾಕಿದರೂ ಎಟುಕದಿದ್ದರೆ ಫ್ರೇಮೇ ದೊಡ್ಡದು, ಅದಕ್ಕೆ ಸುಮ್ನೆ ಇನ್ನಷ್ಟು ದುಡ್ಡು ಸುರಿಯಬೇಡಿ.