ಹೆರಿಗೆ ಆದ ಮೇಲಿನ ಸ್ಟ್ರೆಚ್ ಮಾರ್ಕ್ಸ್ ಎಣ್ಣೆ ಹಚ್ಚಿದರೆ ಹೋಗುತ್ತಾ?

ಹೆರಿಗೆಯಾಗಿ ನಾಲ್ಕು ತಿಂಗಳಾಯಿತು, ಹೊಟ್ಟೆ ತೊಡೆ ಮೇಲೆಲ್ಲ ನೇರಳೆ ಗೆರೆ ಬಿದ್ದಿವೆ, ದುಬಾರಿ ಎಣ್ಣೆ ತರಿಸಿ ಹಚ್ಚಿದರೆ ಹೋಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಎಣ್ಣೆಗೆ ದುಡ್ಡು ಸುರಿಯಬೇಡಿ. ನಾನು ಸುರಿದಿದ್ದೇನೆ, ಅದಕ್ಕೇ ಇದನ್ನು ಮೊದಲು ಹೇಳುತ್ತಿದ್ದೇನೆ.

ನನಗೆ ಏಳನೇ ತಿಂಗಳಲ್ಲಿ ಶುರುವಾಯಿತು. ಮೊದಲು ಹೊಕ್ಕುಳ ಕೆಳಗೆ ತುರಿಕೆ. ಮಗುವಿಗೆ ಕೂದಲು ಬೆಳೀತಿದೆ, ಅದಕ್ಕೇ ತುರಿಕೆ ಅಂದರು ಅತ್ತೆ. ಕೆರೆದರೆ ಗೆರೆ ಬೀಳುತ್ತೆ ಅಂದರು ಪಕ್ಕದ ಮನೆಯವರು. ನಾನು ಉಗುರು ಕೂಡ ತಾಗಿಸಲಿಲ್ಲ. ದಿನಾ ಎರಡು ಹೊತ್ತು ಕೊಬ್ಬರಿ ಎಣ್ಣೆ ಹಚ್ಚಿದೆ, ಆಮೇಲೆ ಅಂಗಡಿಯ ಬಾಟಲಿ ಎಣ್ಣೆಯನ್ನೂ ಹಚ್ಚಿದೆ. ಗೆರೆ ಬಂದೇ ಬಂತು.

ಯಾಕಂದರೆ ಅದು ಬೀಳುವುದು ಚರ್ಮದ ಒಳಪದರದಲ್ಲಿ. ಅಲ್ಲಿ ಕೊಲಾಜೆನ್, ಎಲಾಸ್ಟಿನ್ ಅನ್ನುವ ನಾರುಗಳಿವೆ. ಹೊಟ್ಟೆ ಬೇಗ ಬೇಗ ದೊಡ್ಡದಾಗುವಾಗ, ಜೊತೆಗೆ ಹಾರ್ಮೋನುಗಳೂ ಬದಲಾಗುವಾಗ, ಅವು ಹರಿಯುತ್ತವೆ. ಹಳೇ ಪೈಜಾಮದ ಎಲಾಸ್ಟಿಕ್ ನೋಡಿದ್ದೀರಲ್ವಾ? ಮೇಲಿನ ಬಟ್ಟೆ ಚೆನ್ನಾಗೇ ಇರುತ್ತದೆ, ಒಳಗಿನ ರಬ್ಬರ್ ಎಳೆ ಕಿತ್ತುಹೋಗಿರುತ್ತದೆ. ಹಾಗೇ ಇದು. ಎಣ್ಣೆ ಚರ್ಮವನ್ನು ಮೆತ್ತಗೆ ಮಾಡುತ್ತದೆ, ತುರಿಕೆ ತಗ್ಗಿಸುತ್ತದೆ, ಅಷ್ಟೇ. ಆಲಿವ್ ಎಣ್ಣೆ, ಕೊಕೊ ಬೆಣ್ಣೆ ಎರಡನ್ನೂ ಬಸುರಿಯರಿಗೆ ಹಚ್ಚಿ ಪರೀಕ್ಷೆ ಮಾಡಿದ್ದಾರೆ. ಹಚ್ಚಿದವರಿಗೂ ಹಚ್ಚದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ.

ಮನೆತನದ ಪಾಲೂ ಇದೆ. ಬಾಣಂತನಕ್ಕೆ ಹೋಗಿದ್ದಾಗ ಒಂದು ದಿನ ಅಮ್ಮ ತಂತಿ ಮೇಲೆ ಬಟ್ಟೆ ಹರವಲು ಕೈ ಎತ್ತಿದರು, ಸೆರಗು ಸರಿಯಿತು. ಸೊಂಟದ ಪಕ್ಕದಲ್ಲಿ ಬೆಳ್ಳಗೆ, ಸ್ವಲ್ಪ ತಗ್ಗಿದ, ಸುಕ್ಕು ಸುಕ್ಕಾದ ಗೆರೆಗಳು. ನನ್ನವು ಎಲ್ಲಿವೆಯೋ ಸರಿಯಾಗಿ ಅಲ್ಲೇ. ಅಲ್ಲಿಯವರೆಗೆ ನಾನೇ ಏನೋ ತಪ್ಪು ಮಾಡಿದೆ ಅಂತ ಕೊರಗುತ್ತಿದ್ದೆ. ನೀವೂ ಹಾಗೆ ಅಂದುಕೊಂಡಿದ್ದರೆ ಬಿಟ್ಟುಬಿಡಿ.

ಈಗ ಬಣ್ಣದ ವಿಷಯ, ಇದೇ ಮುಖ್ಯ. ಗೆರೆ ಕೆಂಪು ಅಥವಾ ನೇರಳೆ ಇದ್ದರೆ ಅದು ಹೊಸದು, ಚಿಕಿತ್ಸೆಗೆ ಬಗ್ಗುವುದು ಆಗಲೇ. ತಿಂಗಳುಗಳು ಕಳೆದಂತೆ ತಾನಾಗೇ ಬೆಳ್ಳಗಾಗಿ ಮಾಸುತ್ತದೆ. ಬೆಳ್ಳಗಾದ ಮೇಲೆ ಪೂರ್ತಿ ಅಳಿಸುವ ಉಪಾಯ ಇಲ್ಲ, ಎದ್ದು ಕಾಣದ ಹಾಗೆ ಮಾಡಬಹುದು. ಹೊಸ ಗೆರೆಗೆ ಡಾಕ್ಟರು ಟ್ರೆಟಿನಾಯಿನ್ ಕ್ರೀಮ್ ಬರೆಯುವುದುಂಟು. ಆದರೆ ಬಸುರಿಯರು ಅದನ್ನು ಹಚ್ಚಬಾರದು, ಹಾಲು ಕುಡಿಸುವವರೂ ಡಾಕ್ಟರನ್ನು ಕೇಳದೆ ಮುಟ್ಟಬಾರದು. ಲೇಸರ್ ಇದೆ, ಸಣ್ಣ ಸೂಜಿಗಳಿಂದ ಚುಚ್ಚುವ ಮೈಕ್ರೋನೀಡ್ಲಿಂಗ್ ಇದೆ. ಯಾವುದೂ ಒಂದೇ ಸಲಕ್ಕೆ ಮುಗಿಯುವುದಿಲ್ಲ, ಖರ್ಚೂ ಜಾಸ್ತಿ. ನಮ್ಮಂಥ ಕಂದು ಬಣ್ಣದವರಿಗೆ ಲೇಸರ್ ಬಿದ್ದ ಜಾಗ ಕಪ್ಪಾಗುವ ಭಯವೂ ಇದೆ. ಹಾಗಾಗಿ ಬ್ಯೂಟಿ ಪಾರ್ಲರ್ ಬೇಡ, ಚರ್ಮದ ಡಾಕ್ಟರ ಹತ್ತಿರವೇ ಹೋಗಿ.

ಇನ್ನೊಂದು ಮಾತು ಒತ್ತಿ ಹೇಳಬೇಕು. ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕೇಳಿ ಕ್ರೀಮ್ ತರಬೇಡಿ. ನನ್ನ ತಮ್ಮನಿಗೆ ತೊಡೆ ಸಂದಿಯಲ್ಲಿ ಹುಳುಕಡ್ಡಿ ಆಗಿತ್ತು. ಅಂಗಡಿಯಲ್ಲಿ ಕೊಟ್ಟ ಟ್ಯೂಬನ್ನು ತಿಂಗಳುಗಟ್ಟಲೆ ಹಚ್ಚಿದ. ಅದರಲ್ಲಿ ಕ್ಲೋಬೆಟಾಸಾಲ್ ಅನ್ನುವ ಜೋರಾದ ಸ್ಟೀರಾಯ್ಡ್ ಇತ್ತು. ಚರ್ಮ ತೆಳ್ಳಗಾಗಿ, ಹಚ್ಚಿದ ಜಾಗದಲ್ಲೇ ಬೆರಳಗಲದ ಕೆಂಪು ಗೆರೆಗಳೆದ್ದವು. ಗಂಡಸರಿಗೆ ಬರಲ್ಲ ಅಂದುಕೊಂಡಿದ್ದ ಅವನು ಹೆದರಿಬಿಟ್ಟ.

ಬಸುರಿ ಅಲ್ಲದವರಿಗೆ, ತೂಕ ಏರದವರಿಗೆ, ಇಂಥ ಅಗಲ ನೇರಳೆ ಗೆರೆ ಕಾರಣವಿಲ್ಲದೆ ಬಂದರೆ, ಮುಖ ಊದಿಕೊಂಡು ಬಿಪಿಯೂ ಏರಿದ್ದರೆ, ಹಾರ್ಮೋನ್ ತೊಂದರೆ ಇರಬಹುದು. ತೋರಿಸಲೇಬೇಕು. ಮತ್ತೆ, ಮುಂದೆ ಬಸುರಿಯಾದಾಗ ಅಂಗೈ ಅಂಗಾಲು ಸಿಕ್ಕಾಪಟ್ಟೆ ತುರಿಸಿದರೆ ಅದು ಗೆರೆಯ ತುರಿಕೆ ಅಲ್ಲ, ಲಿವರ್‌ನ ತೊಂದರೆ ಇರಬಹುದು, ಅವತ್ತೇ ಡಾಕ್ಟರಿಗೆ ಹೇಳಿ.

ನಿಮ್ಮ ಗೆರೆ ಇನ್ನೂ ನೇರಳೆ ಇದೆ, ಅಂದರೆ ಸಮಯ ಇದೆ. ಇವತ್ತೇ ಕಿಟಕಿ ಬೆಳಕಲ್ಲಿ ಒಂದು ಫೋಟೋ ತೆಗೆದಿಡಿ, ಎರಡು ತಿಂಗಳು ಬಿಟ್ಟು ಅದೇ ಜಾಗದಲ್ಲಿ ಇನ್ನೊಂದು. ಡಾಕ್ಟರ ಹತ್ತಿರ ಹೋದಾಗ ಮಗುವಿಗೆ ಹಾಲು ಕುಡಿಸುತ್ತಿದ್ದೀನಿ ಅಂತ ಮೊದಲೇ ಹೇಳಿ.